ಪಾಯಸದ ಬಕೆಟ್ಟೂ ನೇರಳೆ ಗೆರೆಯೂ

ನೀರು ಚಿಮುಕಿಸಿದ ಮುತ್ತುಗದ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅರ್ಧ ಕಾಡಿನದು, ಅರ್ಧ ಅಡುಗೆಮನೆಯದು. ಮಧುಗಿರಿಯಲ್ಲಿ ನಾನು ಲಂಗ ಉಟ್ಟು ಪಂಕ್ತಿಯಲ್ಲಿ ಕೂರುತ್ತಿದ್ದ ಕಾಲದಿಂದ ಆ ವಾಸನೆ ನನ್ನ ಮೂಗಿನಲ್ಲಿ ಮನೆ ಮಾಡಿಕೊಂಡಿದೆ. ಅದರ ಹಿಂದೆಯೇ ಬಡಿಸುವವರು ಬರುತ್ತಿದ್ದರು. ನೆಲದ ಮೇಲೆ ಕೂತ ಮಕ್ಕಳಿಗೆ ಕಾಣುತ್ತಿದ್ದುದು ಅವರ ಪಂಚೆಯ ಅಂಚು, ಬಕೆಟ್ಟು ಮತ್ತು ತೋಳು, ಅಷ್ಟೆ. ಗಂಡಸಿನ ಯೋಗ್ಯತೆಯನ್ನು ಅವನು ಬಡಿಸುವಾಗ ನೋಡಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಸಾರು ಬಡಿಸುವವನು ಅವಸರದವನು, ಪಲ್ಯ ಬಡಿಸುವವನು ಜಿಪುಣ, ತುಪ್ಪ ಬಡಿಸುವವನು ಮುಖ ನೋಡಿ ಮಣೆ ಹಾಕುವವನು. ಪಾಯಸ ಬಡಿಸುವವನನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಮದುವೆಯಾಗಬಹುದು.

ನಾನು ಕಣ್ಣು ಬಿಟ್ಟುಕೊಂಡೇ ಆದೆ. ಬಿ.ಎ. ಮುಗಿಸಿದ ವರ್ಷ ಚಿಕ್ಕಪ್ಪನ ಮಗಳ ಮದುವೆಯಲ್ಲಿ ದಕ್ಷಿಣಾಮೂರ್ತಿ ಎಂಬ ದೆಹಲಿಯ ಗುಮಾಸ್ತರೊಬ್ಬರು ಪಾಯಸ ಬಡಿಸಿದರು. ಒಂದು ಹನಿ ಎಲೆಯಾಚೆ ಬೀಳಲಿಲ್ಲ. ತೋಳು ಹಲಸಿನ ಕೊಂಬೆಯ ಹಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಹಿರಿಯರು ಅದನ್ನೇ ಒಪ್ಪಿಗೆ ಎಂದು ತಿಳಿದು ಮುಹೂರ್ತ ನೋಡಿದರು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಗುರ್ಗಾಂವ್‌ಗೆ ಇನ್ನೂ ಮೆಟ್ರೋ ಬಾರದಿದ್ದ ಕಾಲದಲ್ಲಿ, ಅದೇ ತೋಳುಗಳಿಂದಾಗಿ ದೆಹಲಿಯ ಲೋಧಿ ಕಾಲೋನಿಯಲ್ಲಿ ಒಂದು ಧಾರ್ಮಿಕ ಬಿಕ್ಕಟ್ಟು ಉಂಟಾಯಿತು. ಅದನ್ನು ಕಂಡವರಲ್ಲಿ ನೆಟ್ಟಗೆ ಹೇಳಬಲ್ಲವಳು ನಾನೊಬ್ಬಳೇ ಆದ್ದರಿಂದ ಬರೆಯುತ್ತಿದ್ದೇನೆ.

ಆಗ ನಮ್ಮವರು ಸೆಕ್ಷನ್ ಆಫೀಸರಾಗಿ ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದರು. ಕಾಲೋನಿಯ ಕನ್ನಡದ ಮನೆಗಳೆಲ್ಲ ಸೇರಿ ರಾಮನವಮಿಗೆ, ವ್ಯಾಸಪೂರ್ಣಿಮೆಗೆ, ರಾಜ್ಯೋತ್ಸವಕ್ಕೆ ಸಮುದಾಯ ಭವನವಾದ ಬಾರಾತ್ ಘರ್‌ನಲ್ಲಿ ಸಾಮೂಹಿಕ ಊಟ ಇಟ್ಟುಕೊಳ್ಳುತ್ತಿದ್ದೆವು. ಮುತ್ತುಗದ ಎಲೆ ಎಲ್ಲಿ ಬರಬೇಕು. ಅಂಗಡಿಯ ಭಯ್ಯಾ ತಂದುಕೊಡುವ, ಒಣ ಎಲೆ ಹೆಣೆದ ಪತ್ತಲ್ ಮೇಲೆಯೇ ಊಟ. ಆದರೆ ಬಡಿಸುವ ಕ್ರಮ ಮಾತ್ರ ಊರಿನದೇ. ಗಂಡಸರು ಅಂಗಿ ಕಳಚಿ, ಸೊಂಟಕ್ಕೆ ಶಲ್ಯ ಬಿಗಿದು ಬಡಿಸಬೇಕು. ಪಾಯಸದ ಬಕೆಟ್ಟು ನಮ್ಮವರದು. ಅದರಲ್ಲಿ ಅವರದು ಹೈಕೋರ್ಟ್ ಜಡ್ಜಿನ ನಿಷ್ಠೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ, ಯಾರಿಗೂ ಎತ್ತಿಡುವುದಿಲ್ಲ. "ಪಾಯಸ ಎತ್ತಿಡೋದು ಕಳ್ಳತನ ಕಣೇ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ತುಂಬಿಕೊಡುತ್ತಾ ನಿಂತಿದ್ದು ಕಡೆಗೆ ಊಟಕ್ಕೆ ಕೂರುವ ನನ್ನ ಪಾಲಿಗೆ ಪ್ರತಿ ಸಲವೂ ಖಾಲಿ ಬಕೆಟ್ಟಿನ ಏಲಕ್ಕಿ ವಾಸನೆ ಮಾತ್ರ ಉಳಿಯುತ್ತಿತ್ತು.

ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು. ಇವರು ಲೋಧಿ ಗಾರ್ಡನ್ನಿನ ಗುಮ್ಮಟಗಳನ್ನು ಸುತ್ತಿ ಸುತ್ತಿ, ರಾತ್ರಿ ಅನ್ನ ಬಿಟ್ಟು, ವರ್ಷದೊಳಗೆ ಅರ್ಧ ಆಳಾದರು. ಹೊಟ್ಟೆ ಹೋಯಿತು, ಕೆನ್ನೆ ಹೋಯಿತು. ತೋಳಿನೊಳಗಿದ್ದದ್ದೂ ಹೋಯಿತು, ಆದರೆ ಹೊರಗಿನ ಚರ್ಮಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅದು ಹಳೆಯ ಯಜಮಾನನಿಗಾಗಿ ಕಾಯುತ್ತಾ ಹಾಗೆಯೇ ಜೋತುಬಿದ್ದಿತ್ತು. ಪಾಯಸ ತಿನ್ನುವ ಭಾಗ್ಯ ತಪ್ಪಿದ ಮೇಲೆ ಬಡಿಸುವುದೊಂದೇ ಅವರಿಗೆ ಉಳಿದ ಸುಖ ಎಂಬುದನ್ನು ಓದುವವರು ಮರೆಯಬಾರದು.

ಆ ವರ್ಷದ ರಾಮನವಮಿ. ನಮ್ಮವರು ಪಾಯಸದ ಸೌಟೆತ್ತಿದರು. ತೋಳಿನ ಚರ್ಮ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತೂಗಿತು. ಮೊದಲ ಸಾಲಿನಲ್ಲಿ ಕೂತಿದ್ದ ಪುಟ್ಟ ಅನನ್ಯಾ ಚಪ್ಪಾಳೆ ತಟ್ಟಿದಳು.

"ದಾದೂ, ದೇಖೋ! ಅಂಕಲ್ ಕೇ ಹಾಥ್ ಮೇಂ ಝೂಲಾ!"

ತೋಳಿನಲ್ಲಿ ಉಯ್ಯಾಲೆ! ಇಡೀ ಪಂಕ್ತಿ ನಕ್ಕಿತು. ಅವಳ ದಾದೂ ಎಂದರೆ ನಮ್ಮ ಮೇಲಿನ ಮನೆಯ ಜಗನ್ನಾಥ ರಾಯರು. ನಾಗಪುರದಿಂದ ವರ್ಗವಾಗಿ ಬಂದವರು, ನಮ್ಮವರದೇ ವಯಸ್ಸು, ಅದೇ ದರ್ಜೆ, ಹುಳಿಯ ಬಕೆಟ್ಟು ಅವರದು. "ಛೀ, ಸುಮ್ನಿರು ಪುಟ್ಟಿ" ಎಂದು ಮೊಮ್ಮಗಳನ್ನು ಗದರಿದರು. ಗದರುವಾಗ ಬೆರಳೆತ್ತಿದರು. ಬೆರಳೆತ್ತಿದಾಗ ತೋಳು ಕಂಡಿತು. ತೇಗದ ಮರದಲ್ಲಿ ಕೊರೆದು ಎಣ್ಣೆ ಹಚ್ಚಿದಂಥ ತೋಳು; ಮೇಲೆ ಅಚ್ಚಗೆ ಗೋಪೀಚಂದನದ ಮುದ್ರೆ. ರಾಯರು ಮಾಧ್ವರು, ನಾವು ಸ್ಮಾರ್ತರು. ಊಟ, ಜಗಳ, ಕಾಯಿಲೆ, ಕಾಫಿಪುಡಿ ಎಲ್ಲದರಲ್ಲೂ ಒಂದೇ ಮನೆಯವರ ಹಾಗಿದ್ದೆವು. ಹಣೆಯ ಗುರುತು ಬೇರೆ, ಅಷ್ಟೆ.

"ಏನ್ರೀ ತೋಳು ಆ ರಾಯರದು!" ಎಂದು ಹೆಂಗಸರ ಸಾಲಿನಲ್ಲಿ ಯಾರೋ ಅಂದರು. ಅದು ನಮ್ಮವರ ಕಿವಿಗೆ ಬಿತ್ತು.

ಊಟವಾದ ಮೇಲೆ ನಮ್ಮ ಮಂಡಳಿಯ ಅಧ್ಯಕ್ಷರಾದ ವೆಂಕಟಸುಬ್ಬಯ್ಯನವರು ಕೈ ಒರೆಸಿಕೊಳ್ಳುತ್ತಾ ಬಂದರು. ಅವರಿಗೆ ಪಾರ್ಲಿಮೆಂಟಿನಲ್ಲಿ ಕೆಲಸ. ಅಲ್ಲಿ ಮಾತಾಡಲು ಸಿಗದ ಮಾತನ್ನೆಲ್ಲ ನಮ್ಮ ಮುಂದೆ ಆಡುತ್ತಿದ್ದರು. "ಮೂರ್ತಿ, ನೀವು ಬಹಳ ಇಳಿದಿದೀರಿ. ವ್ಯಾಸಪೂರ್ಣಿಮೆಗೆ ಬಕೆಟ್ಟು ಬೇರೆಯವರ ಕೈಗೆ ಕೊಡೋ ವಿಚಾರವನ್ನ ಸದನ ಪರಿಶೀಲಿಸಬಹುದು."

"ಬೇರೆಯವರು ಅಂದ್ರೆ?"

ವೆಂಕಟಸುಬ್ಬಯ್ಯನವರು ರಾಯರ ತೋಳಿನ ಕಡೆ ನೋಡಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಜಗನ್ನಾಥ ರಾಯರ ಹೊರತು ಬೇರೆ ಮಾತಿಲ್ಲ. ರಾಯರು ಹಾಲು ತರಲು ಇಳಿದರೆ ಇವರು ಕಿಟಕಿಯಲ್ಲಿ. ರಾಯರು ಪಂಚೆ ಒಣಹಾಕಿದರೆ ಇವರು ಬಾಲ್ಕನಿಯಲ್ಲಿ. "ನೋಡೇ, ಕ್ಲಿಪ್ ಹಾಕೋವಾಗ್ಲೂ ಅಲ್ಲಾಡಲ್ಲ" ಎಂದು ನಿಟ್ಟುಸಿರು. ವ್ಯಾಯಾಮಕ್ಕೆಂದು ಉಪ್ಪಿನಕಾಯಿ ಭರಣಿಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಇಳಿಸಿದರು. ಒಂದು ಭರಣಿ ಒಡೆದು ಮಾವಿನ ಮಿಡಿಗಳು ಮಂಚದ ಕೆಳಗೆ ಹೋದವು. ಕ್ಷೌರದ ಭಯ್ಯಾನಿಂದ ಸಾಸಿವೆ ಎಣ್ಣೆ ಮಾಲೀಶು ಮಾಡಿಸಿಕೊಂಡರು. ಚರ್ಮ ಹೊಳೆಯತೊಡಗಿತು, ಅಷ್ಟೆ. ಈಗ ಅದು ತೂಗಾಡುವುದು ದೂರದಿಂದಲೂ ಕಾಣುತ್ತಿತ್ತು.

ಇಲ್ಲಿ ಒಂದು ಮಾತು. ನನ್ನ ತೋಳು ಜೋತುಬಿದ್ದು ಆಗಲೇ ಹದಿನೈದು ವರ್ಷವಾಗಿತ್ತು. ರವಿಕೆಯ ತೋಳನ್ನು ಮೊಣಕೈಗೆ ಇಳಿಸಿಕೊಂಡು ಸುಮ್ಮನಿದ್ದೆ. ಅದಕ್ಕಾಗಿ ಯಾರೂ ಸದನ ಕರೆದಿರಲಿಲ್ಲ. ಒಂದು ಜೊತೆ ತೋಳಿಗೆ ಇಷ್ಟು ಮರ್ಯಾದೆ ಸಿಗುವುದನ್ನು ನೋಡಿ ನನಗೂ ಹೊಟ್ಟೆ ಸ್ವಲ್ಪ ಉರಿಯಿತೆಂದರೆ ಸುಳ್ಳಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಇವರು ಇಂಗ್ಲಿಷ್ ಪೇಪರಿನ ಬಣ್ಣದ ಹಾಳೆಯನ್ನು ನನ್ನ ಕಾಫಿ ಲೋಟದ ಮೇಲೆಯೇ ಹರಡಿದರು. ಗುರ್ಗಾಂವ್‌ನಲ್ಲಿ ಹೊಸ ಕ್ಲಿನಿಕ್ಕು. ಜೋತುಬಿದ್ದ ತೋಳಿನ ಚರ್ಮವನ್ನು ಆಪರೇಷನ್ ಮಾಡಿ ಬಿಗಿ ಮಾಡುತ್ತಾರಂತೆ. "ಸುಮ್ನೆ ಕೇಳ್ಕೊಂಡು ಬರೋಣ" ಎಂದರು. ಆಫೀಸಿನಲ್ಲಿ ಏನೆಂದು ರಜೆ ಕೇಳುವುದು? ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳುವ ಧೈರ್ಯವಿಲ್ಲ. "ದೇವರ ಕೆಲಸ" ಎಂದರು. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಗುರುವಾರ ಹೊರಟೆವು.

ಅವರು ಪಂಚಾಂಗ ನೋಡಿರಲಿಲ್ಲ. ಅಂದು ಆಷಾಢದ ಮೊದಲ ಏಕಾದಶಿ. ಅಂದರೆ ಮಾಧ್ವರು ಮಠಕ್ಕೆ ಹೋಗಿ, ಹೋಮದ ಕೆಂಡದಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆಯನ್ನು ಸ್ವಾಮಿಗಳಿಂದ ತೋಳಿಗೆ ಒತ್ತಿಸಿಕೊಳ್ಳುವ ದಿನ.

ಕ್ಲಿನಿಕ್ಕು ಗಾಜಿನ ಕಟ್ಟಡದಲ್ಲಿತ್ತು. ಒಳಗೆ ಮಾಘಮಾಸದ ಚಳಿ. ಡಾಕ್ಟರು ನಮ್ಮ ಮಗಳಾಗುವಷ್ಟು ಚಿಕ್ಕವಳು, ಪಂಜಾಬಿನ ಹುಡುಗಿ. ನಾನು ನಡುಗುವುದನ್ನು ಕಂಡು, ಯಾರಿಗೂ ಹೇಳದೆ ತಾನೇ ಎದ್ದುಹೋಗಿ ಎ.ಸಿ. ಕಡಿಮೆ ಮಾಡಿ ಬಂದಳು. ಆ ಕ್ಷಣಕ್ಕೇ ನನಗೆ ಅವಳ ಮೇಲೆ ವಿಶ್ವಾಸ ಬಂತು. ಇವರ ತೋಳನ್ನು ಎತ್ತಿ, ಹಿಂಡಿ, ಅಳೆದು, ಹಿಂದಿಯಲ್ಲಿ ವಿವರಿಸಿದಳು.

"ಅಂಕಲ್‌ಜೀ, ಇದು ಕೊಬ್ಬಲ್ಲ, ಬರೀ ಚರ್ಮ. ವ್ಯಾಯಾಮಕ್ಕೆ ಬಗ್ಗಲ್ಲ. ಕಂಕುಳಿಂದ ಮೊಣಕೈವರೆಗೆ ಕೊಯ್ದು, ಹೆಚ್ಚಾಗಿರೋದನ್ನ ತೆಗೆದು ಹೊಲಿಗೆ ಹಾಕ್ತೀವಿ."

"ರವಿಕೆ ಬಿಗಿ ಮಾಡಿದ ಹಾಗೆ" ಎಂದು ನಾನು ಇವರಿಗೆ ಕನ್ನಡದಲ್ಲಿ ಸಹಾಯ ಮಾಡಿದೆ.

"ಗೆರೆ ಉಳಿಯುತ್ತಾ?" ಎಂದರು ಇವರು.

"ಉಳಿಯತ್ತೆ. ಆದರೆ ತೋಳಿನ ಒಳಮಗ್ಗುಲಲ್ಲಿ. ಕೈ ಎತ್ತಿದರೆ ಮಾತ್ರ ಕಾಣತ್ತೆ."

"ನನಗೆ ಕೈ ಎತ್ತೋದೇ ಕೆಲಸ! ಬರೋ ಭಾನುವಾರವೇ ವ್ಯಾಸಪೂರ್ಣಿಮೆ. ಅಷ್ಟರಲ್ಲಿ ಆಗತ್ತಾ?"

"ಭಾನುವಾರಾನಾ? ಆಪರೇಷನ್ ಆದ ಮೇಲೆ ವಾರಗಟ್ಟಲೆ ಭಾರ ಎತ್ತೋ ಹಾಗಿಲ್ಲ ಅಂಕಲ್‌ಜೀ. ಭಾನುವಾರ ಏನು ಎತ್ತಬೇಕು?"

"ಬಕೆಟ್."

"ನೀರಿಂದಾ?"

"ಪಾಯಸದ್ದು. ಖೀರ್."

ಡಾಕ್ಟರು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಆಮೇಲೆ ಅವಳು ದಪ್ಪನೆಯ ನೇರಳೆ ಪೆನ್ನು ತೆಗೆದು, ಫೋಟೋ ಹಿಡಿದು ತೋರಿಸಲೆಂದು ಇವರ ಎರಡೂ ತೋಳಿನ ಮೇಲೆ ದೋಣಿಯಾಕಾರದ ಉದ್ದನೆಯ ಗೆರೆ ಬರೆದಳು. ನಡುವೆ ಅಲ್ಲಲ್ಲಿ ಬಾಣದ ಗುರುತು ಹಾಕಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಆಂಟೀಜೀ, ಆಪ್ ಭೀ? ಇಬ್ಬರಿಗೂ ಸೇರಿಸಿ ಮಾಡಿಬಿಡಬಹುದು" ಎಂದು ನಕ್ಕಳು.

ನಾನು ಬಾಯಿ ತೆರೆಯುವ ಮೊದಲೇ ಇವರು, "ಅವಳದ್ದು ಬಿಡಿ. ಅವಳೇನು ಬಕೆಟ್ ಎತ್ತಬೇಕಾ?" ಎಂದುಬಿಟ್ಟರು.

ನಮ್ಮ ಮನೆಯಲ್ಲಿ ನಲ್ಲಿ ಬರುವುದು ಬೆಳಗಿನ ಜಾವ. ನೀರು ಹಿಡಿದು ಬಕೆಟ್ಟುಗಳನ್ನು ಬಚ್ಚಲಿಂದ ಅಡುಗೆಮನೆಗೆ ಸಾಗಿಸುವವರು ಯಾರೆಂದು ನಮ್ಮವರು ಎದ್ದು ನೋಡಿದವರಲ್ಲ. ನೀರು ತಾನಾಗಿಯೇ ನಡೆದುಬರುತ್ತದೆಂದು ಅವರ ನಂಬಿಕೆ. ನಾನು ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಎದ್ದೆ. "ಚಳಿಗಾಲದಲ್ಲಿ ಬರ್ತೀನಿ" ಎಂದು ಇವರೂ ಎದ್ದರು. ಗೆರೆಗಳನ್ನು ಒರೆಸಲು ಹೋದರೆ ಡಾಕ್ಟರು ತಡೆದಳು. "ಅದು ಆಪರೇಷನ್ ಪೆನ್ನು. ಉಜ್ಜಿದರೆ ಹೋಗಲ್ಲ. ತಾನಾಗೇ ಮಾಸತ್ತೆ."

ಸಂಜೆ ಮನೆ ಮುಟ್ಟಿದಾಗ ನಾನು ಬೀಗ ತೆಗೆಯಲು ಮುಂದೆ ಹೋದೆ. ಇವರು ಆಟೋದವನಿಗೆ ದುಡ್ಡು ಕೊಡಲು ಕೈ ಚಾಚಿದರು. ಅರ್ಧತೋಳಿನ ಅಂಗಿಯಿಂದ ನೇರಳೆ ಗೆರೆಯ ತುದಿ ಇಣುಕಿತು. ಅದೇ ಹೊತ್ತಿಗೆ ಮಠದಿಂದ ಹಿಂದಿರುಗಿದ ಜಗನ್ನಾಥ ರಾಯರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಅಲ್ಲಿ ನಡೆದ ಮಾತನ್ನು ನಮ್ಮವರು ಒಳಗೆ ಬಂದು, ಏದುಸಿರು ಬಿಡುತ್ತಾ, ನನಗೆ ಒಪ್ಪಿಸಿದ್ದು ಹೀಗೆ:

"ಮೂರ್ತಿಗಳೇ! ನೀವೂ ಮಾಡಿಸ್ಕೊಂಡ್ರಾ?"

"ನೀವೂ ಅಂದ್ರೆ? ರಾಯರೇ, ನೀವು... ಮಾಡಿಸ್ಕೊಂಡಿದೀರಾ?"

"ಪ್ರತಿ ವರ್ಷವೂ! ಇವತ್ತೂ ಅಲ್ಲಿಂದಲೇ ಬರ್ತಿರೋದು."

"ವರ್ಷಾ ವರ್ಷಾನಾ! ನೋವಾಗಲ್ವಾ?"

"ಒಂದು ಕ್ಷಣ ಚುರ್ ಅನ್ನತ್ತೆ. ನಮ್ಮ ತಂದೆ, ತಾತ ಎಲ್ಲಾ ಮಾಡಿಸ್ಕೊಂಡೋರೇ. ನಮ್ಮ ಸುಮಿತ್ರಾಗೂ ಆಗಿದೆ. ಅನನ್ಯಾಗೂ ಮಾಡಿಸಿದೀವಿ."

"ಆ ಮಗೂಗೂ!"

"ಎಳೇದರಲ್ಲೇ ಒಳ್ಳೇದು. ಒಳಗಿರೋ ಕಲ್ಮಶವೆಲ್ಲ ಹೋಗತ್ತೆ."

"ಖರ್ಚು?"

"ಖರ್ಚೇನು ಬಂತು? ದಕ್ಷಿಣೆ. ಕೈಲಾದಷ್ಟು."

ಹೇಳಿ ಮುಗಿಸಿದ ಇವರು ಕುರ್ಚಿಗೆ ಕುಸಿದರು. "ನೋಡಿದೆಯಾ ದೇವಕಿ? ವಂಶಪಾರಂಪರ್ಯವಾಗಿ ಗುಟ್ಟಾಗಿ ಮಾಡಿಸ್ಕೊಂಡು ಬಂದಿದಾರೆ! ಅದಕ್ಕೇ ಆ ತೋಳು! ಕಣ್ಣಲ್ಲಿ ನೀರು ತುಂಬ್ಕೊಂಡು ನನ್ನ ಕೈ ಹಿಡ್ಕೊಂಡು ಬೇರೆ ಕುಲುಕಿದರು, ನಾಟಕ!"

ನನಗೆ ತಕ್ಷಣ ಎಲ್ಲ ಹೊಳೆಯಿತು. "ರೀ, ಇವತ್ತು ಏಕಾದಶಿ. ಅವರು ಹೇಳಿದ್ದು ಮಠದ ಮುದ್ರೆ. ನಿಮ್ಮ ಗೆರೆ ನೋಡಿ, ನೀವೂ ಮುದ್ರೆ ಹಾಕಿಸ್ಕೊಂಡು ಮಾಧ್ವರಾದ್ರಿ ಅಂದ್ಕೊಂಡಿದಾರೆ" ಎಂದೆ.

"ಮುದ್ರೆ ಅಂತೆ! ಮುದ್ರೆ ಒತ್ತಿದ್ರೆ ತೋಳು ಬಿಗಿ ಆಗತ್ತಾ? ಒಳಗಿರೋದು ಹೋಗತ್ತೆ ಅಂತ ಬಾಯಿಬಿಟ್ಟು ಹೇಳಿದಾರೆ. ನೀನು ಬಿ.ಎ. ಓದಿದ್ದು ದಂಡ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯಿದೆ. ಕಟ್ಟಿಕೊಂಡ ಗಂಡನ ವಿಚಾರದಲ್ಲಿ ಅದನ್ನು ಬಳಸುವುದು ಸಭ್ಯತೆಯಲ್ಲ. ಆದ್ದರಿಂದ ಕಿನ್ನರಿಯನ್ನು ಕೆಳಗಿಟ್ಟೆ ಎಂದಷ್ಟೇ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ರಾಯರ ಹೆಂಡತಿ ಸುಮಿತ್ರಾ ಬೆಳ್ಳಿ ತಟ್ಟೆಯಲ್ಲಿ ಮಠದ ಮಂತ್ರಾಕ್ಷತೆ ತಂದುಕೊಟ್ಟು, "ದೇವಕಮ್ಮಾ, ನಮ್ಮವರಿಗೆ ರಾತ್ರಿಯೆಲ್ಲ ಸಂತೋಷ. ಭಾನುವಾರ ಮೂರ್ತಿಗಳಿಗೆ ಶಾಲು ಹೊದಿಸಬೇಕು ಅಂತಿದಾರೆ" ಎಂದಳು. ನಾನು ನಿಜ ಹೇಳೋಣವೆಂದುಕೊಂಡೆ. ಆದರೆ ನಿಜವೆಂದರೆ ಗುರ್ಗಾಂವ್. "ಬೇಡಮ್ಮ, ಅಂಥದ್ದೇನೂ ಇಲ್ಲ" ಎಂದೆ. ಅದು ವಿನಯ ಎಂದಾಯಿತು. ಮಧ್ಯಾಹ್ನಕ್ಕೆ ಸುದ್ದಿ ಕಾಲೋನಿ ದಾಟಿತು. ಸಂಜೆಗೆ ಮೈಸೂರಿನಿಂದ ನಮ್ಮವರ ಅಕ್ಕನ ಫೋನು. ಆಕೆಯ ದನಿ ಎಷ್ಟು ದೊಡ್ಡದೆಂದರೆ ಫೋನಿಲ್ಲದೆಯೂ ಕೇಳುತ್ತಿತ್ತೇನೋ.

"ಲೋ ಮೂರ್ತಿ! ಈ ವಯಸ್ಸಲ್ಲಿ ಯಾಕೋ ಇದು? ನಮ್ಮ ಹಿರೀಕರು ಕೊಟ್ಟಿದ್ದು ನಿನಗೆ ಸಾಲದಾಯ್ತೇನೋ?"

ಇವರು ನನ್ನನ್ನು ಗುರುಗುಟ್ಟಿ ನೋಡಿದರು. ನಾನೇ ತೋಳಿನ ಗುಟ್ಟು ಬಿಟ್ಟೆನೆಂದು ತಿಳಿದರು. "ಸಾಲದೆ ಹೋಗಿದ್ದಲ್ಲ ಅಕ್ಕ, ಹೆಚ್ಚಾಗಿತ್ತು" ಎಂದರು.

"ಹೆಚ್ಚಾಗಿತ್ತಾ! ಅಪ್ಪ ಇದ್ದಿದ್ರೆ ಎದೆ ಒಡ್ಕೊಳ್ಳೋರು!"

"ಅಪ್ಪನಿಗೂ ಇತ್ತು ಅಕ್ಕ. ಕಡೇ ಕಾಲದಲ್ಲಿ ಜೋತಾಡ್ತಿತ್ತು. ಅವರು ಸಹಿಸ್ಕೊಂಡ್ರು. ನನ್ನ ಕೈಲಾಗಲ್ಲ."

ಆ ಕಡೆ ಅಳು ಕೇಳಿಸಿತು. ಇವರು ಫೋನಿಟ್ಟು, "ಅಕ್ಕನಿಗೆ ನನ್ನ ಆಪರೇಷನ್ ಅಂದ್ರೆ ಅಷ್ಟು ಭಯ" ಎಂದು ಕಣ್ಣೊರೆಸಿಕೊಂಡರು.

ಶನಿವಾರ ವೆಂಕಟಸುಬ್ಬಯ್ಯನವರೇ ಬಂದರು. ಎರಡು ಲೋಟ ಕಾಫಿಯಾಗುವವರೆಗೆ ದೇಶದ ಆರ್ಥಿಕ ಸ್ಥಿತಿಯ ಮಾತಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಮೂರ್ತಿ, ನೀವು ಆ ಕಡೆ ಹೋಗಿದ್ರಂತೆ."

"ಹೋಗಿದ್ದೆ. ಸುಮ್ಮನೆ ವಿಚಾರಿಸೋಣ ಅಂತ."

"ಪೂರ್ತಿ ಆಯ್ತೋ?"

"ಇಲ್ಲ. ಸದ್ಯಕ್ಕೆ ಗುರುತು ಮಾತ್ರ. ಪೂರ್ತಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಬೇಗ ಮಾಯೋದಿಲ್ವಲ್ಲ."

"ನಮ್ಮ ಗುರುಪೀಠದವರು ಏನಂದುಕೊಳ್ಳಬೇಕು?"

"ಅವರಿಗ್ಯಾಕ್ರೀ ನನ್ನ ತೋಳಿನ ಚಿಂತೆ?"

ವೆಂಕಟಸುಬ್ಬಯ್ಯನವರು ಎದ್ದು ನಿಂತರು. "ನಾನು ಯಾರ ನಂಬಿಕೆಗೂ ಅಡ್ಡ ಬರೋನಲ್ಲ. ಆದರೆ ನೀವು ಸ್ಮಾರ್ತರಾಗಿ ಬಕೆಟ್ಟು ಹಿಡಿದವರು. ಪಕ್ಷಾಂತರ ಮಾಡಿದವರಿಗೆ ಸ್ಥಾನ ಉಳಿಯೋದಿಲ್ಲ. ಪಾರ್ಲಿಮೆಂಟಿನಲ್ಲೂ ಅದೇ ಕಾಯಿದೆ. ನಾಳೆ ಪಾಯಸ ಜಗನ್ನಾಥ ರಾಯರದು."

ನಮ್ಮವರಿಗೆ ಅರ್ಥವಾದದ್ದು ಕಡೆಯ ಮಾತು ಮಾತ್ರ. ಅವರು ನೇರ ಬಚ್ಚಲಿಗೆ ಹೋದರು. ಬಹಳ ಹೊತ್ತು ತೋಳುಜ್ಜುವ ಸದ್ದು ಕೇಳುತ್ತಿತ್ತು. ಹೊರಗೆ ಬಂದಾಗ ತೋಳು ಕೆಂಪಗಾಗಿತ್ತು, ನೇರಳೆ ಗೆರೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತಿತ್ತು.

ಭಾನುವಾರ ಬಾರಾತ್ ಘರ್ ತುಂಬಿತ್ತು. ಸಾಮಾನ್ಯವಾಗಿ ಬರದವರೂ ಬಂದಿದ್ದರು. ಪತ್ತಲ್ ಹಾಕಿ, ಉಪ್ಪು ಕೋಸಂಬರಿ ಬಡಿಸಿ, ಅನ್ನವೂ ಬಿದ್ದಿತ್ತು. ನಡುವೆ ಪಾಯಸದ ಬಕೆಟ್ಟು, ಪಕ್ಕದಲ್ಲಿ ಹುಳಿಯದು. ನಮ್ಮವರು ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿ, ಕಂಬದ ಪಕ್ಕ ಬೆವರುತ್ತಾ ನಿಂತಿದ್ದರು. ಒಂದು ಕಡೆಯಿಂದ ಜಗನ್ನಾಥ ರಾಯರು ಶಾಲು ಹಿಡಿದು ಬಂದರು. ಇನ್ನೊಂದು ಕಡೆಯಿಂದ ವೆಂಕಟಸುಬ್ಬಯ್ಯನವರು ಬಂದು, "ಸದನಕ್ಕೆ ಸತ್ಯ ಗೊತ್ತಾಗಬೇಕು. ಅಂಗಿ ತೆಗೀರಿ ಮೂರ್ತಿ" ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದವಳು ಅಲ್ಲೇ ನಿಂತೆ.

ನಮ್ಮವರು ಬಕೆಟ್ಟನ್ನು ನೋಡಿದರು. ರಾಯರ ತೋಳನ್ನು ನೋಡಿದರು. ಏನಾಯಿತೋ, ಗುಂಡಿಗಳನ್ನು ಪಟಪಟನೆ ಬಿಚ್ಚಿ, ಅಂಗಿ ಕಿತ್ತೆಸೆದು, ಎರಡು ಕೈಗಳನ್ನೂ ಮೇಲೆತ್ತಿ ನಿಂತರು. "ನೋಡಿ! ಎಲ್ಲಾರೂ ನೋಡಿ!"

ಎಲ್ಲರೂ ನೋಡಿದರು. ಮುಂದಿನವರು ಬಗ್ಗಿ ನೋಡಿದರು, ಹಿಂದಿನವರು ಎದ್ದು ನೋಡಿದರು.

"ಇದು ಶಂಖ ಅಲ್ವಲ್ಲ" ಎಂದಿತು ಒಂದು ದನಿ.

"ಚಕ್ರವೂ ಅಲ್ಲ. ಉದ್ದಕ್ಕಿದೆ."

"ಮೀನು ಕಣ್ರೀ! ಮತ್ಸ್ಯಾವತಾರ!" ಎಂದಳು ಸುಮಿತ್ರಾ, ಭಕ್ತಿಯಿಂದ.

"ಬಾಣ ಬೇರೆ ಇದೆ. ರಾಮಬಾಣ ಇರಬೇಕು."

"ಇದ್ಯಾವ ಮಠದ್ದು?" ಎಂದು ವೆಂಕಟಸುಬ್ಬಯ್ಯನವರು ಕನ್ನಡಕ ಹಾಕಿಕೊಂಡರು.

ನಮ್ಮವರಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಅವರ ಕಣ್ಣು ಒಬ್ಬರ ಮೇಲೇ ನೆಟ್ಟಿತ್ತು. "ರಾಯರೇ! ನೀವು ವರ್ಷಾ ವರ್ಷಾ ಮಾಡಿಸ್ಕೊಳ್ತೀರಿ. ನಿಮಗೆ ಬಕೆಟ್ಟು! ನಾನು ಒಂದೇ ಒಂದು ಸಲ ಗೆರೆ ಹಾಕಿಸ್ಕೊಂಡು ಬಂದಿದ್ದಕ್ಕೆ ಕಿತ್ಕೊಳ್ತೀರಾ? ಎಲ್ಲಾರ ಮುಂದೇನೇ ಹೇಳಿಬಿಡಿ. ಯಾರು ನಿಮ್ಮ ಡಾಕ್ಟರು?"

 ಎತ್ತಿ ಹಿಡಿದಿದ್ದ ತೋಳುಗಳ ಚರ್ಮ ಸಣ್ಣಗೆ ತೂಗುತ್ತಿತ್ತು.

ಜಗನ್ನಾಥ ರಾಯರು ಗೆರೆಯನ್ನು ನೋಡಿದರು. ಬಾಣವನ್ನು ನೋಡಿದರು. ಜೋತಿದ್ದ ಚರ್ಮವನ್ನು, ಆಮೇಲೆ ತಮ್ಮ ತೋಳಿನ ಮುದ್ರೆಯನ್ನು, ಕಡೆಗೆ ಪಂಕ್ತಿಯಲ್ಲಿ ಕೂತಿದ್ದ ಮೊಮ್ಮಗಳನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ನನಗೆ ಕಂಡಿತು. ಅವರ ತುಟಿಯ ತುದಿ ಅದುರಿತು, ಕೆನ್ನೆ ಉಬ್ಬಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಆ ನಗು ಹೊರಬಂದು ನಮ್ಮವರನ್ನು ಲೋಧಿ ಕಾಲೋನಿಯಲ್ಲಿ ಮುಖವೆತ್ತದಂತೆ ಮಾಡಿಬಿಡುತ್ತಿತ್ತು. ರಾಯರು ಅದನ್ನು ಬಿಸಿ ಅನ್ನದ ತುತ್ತಿನಂತೆ ನುಂಗಿದರು. ಶಾಲನ್ನು ಹೆಂಡತಿಯ ಕೈಗೆ ಕೊಟ್ಟು, ಎಲ್ಲರ ಕಡೆ ತಿರುಗಿದರು.

"ಡಾಕ್ಟರಿಲ್ಲ ಮೂರ್ತಿಗಳೇ, ಔಷಧಿ ಅಂಗಡಿಯವನೇ ಕೊಡ್ತಾನೆ. ಬೆವರುಸಾಲೆ ಕಣ್ರೀ ಎಲ್ಲಾರೂ! ಕಂಕುಳ ಹತ್ರ ಗುಳ್ಳೆ ಎದ್ದಿದೆ, ಅದಕ್ಕೆ ಹಚ್ಚೋ ನೇರಳೆ ಔಷಧಿ. ನನಗೂ ಪ್ರತಿ ಬೇಸಿಗೆ ಬರತ್ತೆ, ಅದನ್ನೇ ಮೆಟ್ಟಿಲ ಹತ್ರ ಮಾತಾಡಿಕೊಂಡ್ವಿ. ನಾನೇ ಸರಿಯಾಗಿ ನೋಡದೆ ಮುದ್ರೆ ಅಂದ್ಕೊಂಡು ಡಂಗುರ ಹೊಡೆದೆ. ತಪ್ಪು ನನ್ನದು."

ವೆಂಕಟಸುಬ್ಬಯ್ಯನವರು ಬಿಡುವವರಲ್ಲ. "ಹಾಗಾದರೆ ದೇವರ ಕೆಲಸ ಅಂತ ಯಾಕೆ ರಜೆ ಹಾಕಿದ್ರು?"

"ಬೆವರುಸಾಲೆ ಅಂದ್ರೆ ಯಾವ ಆಫೀಸಲ್ಲಿ ರಜೆ ಕೊಡ್ತಾರ್ರೀ?"

ಬಾರಾತ್ ಘರ್‌ನಲ್ಲಿದ್ದವರೆಲ್ಲ ಸರ್ಕಾರಿ ನೌಕರರು. ಎಲ್ಲರ ತಲೆಯೂ ಒಟ್ಟಿಗೆ ಅಲ್ಲಾಡಿತು. ಇಷ್ಟು ಬಲವಾದ ವಾದವನ್ನು ಅವರು ಸೇವಾವಧಿಯಲ್ಲೇ ಕೇಳಿರಲಿಲ್ಲ.

"ಅನ್ನ ಆರ್ತಿದೆ, ನಡೀರಿ" ಎಂದು ರಾಯರು ಬಗ್ಗಿ ಹುಳಿಯ ಬಕೆಟ್ಟನ್ನು ಎತ್ತಿಕೊಂಡು ಸಾಲಿಗೆ ಹೊರಟೇಬಿಟ್ಟರು. ಪಾಯಸದ ಬಕೆಟ್ಟು ಹಾಲ್‌ನ ನಡುವೆ ಒಂಟಿಯಾಗಿ ಉಳಿಯಿತು. ವೆಂಕಟಸುಬ್ಬಯ್ಯನವರು ಮೇಲೆ ಕೆಳಗೆ ನೋಡಿ, "ಸ್ಥಾನ ತೆರವಾಗಿಲ್ಲ" ಎಂದು ತೀರ್ಪಿತ್ತು ಹೋಗಿ ಎಲೆಯ ಮುಂದೆ ಕೂತರು.

ನಮ್ಮವರು ಸೊಂಟಕ್ಕೆ ಶಲ್ಯ ಬಿಗಿದು ಬಕೆಟ್ಟು ಎತ್ತಿದರು. ಸೌಟು ಏರಿತು, ಚರ್ಮ ತೂಗಿತು.

"ಝೂಲಾ!" ಎಂದಳು ಅನನ್ಯಾ.

ಯಾರೂ ನಗಲಿಲ್ಲ. ನಮ್ಮವರು ಒಂದು ಗಳಿಗೆ ನಿಂತು, ಆ ಮಗುವಿನ ಎಲೆಗೆ ಸೌಟನ್ನು ಸ್ವಲ್ಪ ಹೆಚ್ಚೇ ಬೀಸಿ ಬಡಿಸಿದರು. ಉಯ್ಯಾಲೆ ಎರಡು ಸಲ ಜೀಕಿತು. ಒಂದು ಹನಿ ಎಲೆಯಾಚೆ ಬೀಳಲಿಲ್ಲ.

ಎಲ್ಲರ ಊಟವಾಗಿ, ಬಡಿಸಿದವರು ಕೂರುವ ಹೊತ್ತಾಯಿತು. ನಾನು ಅಡುಗೆಮನೆಯ ಒಳಗೆ ಪಾತ್ರೆಗಳಿಗೆ ನೀರು ಸುರಿಯುತ್ತಿದ್ದೆ. ಗೋಡೆಯ ಆಚೆ ರಾಯರೂ ಇವರೂ ಅಕ್ಕಪಕ್ಕ ಕೂತಿದ್ದರು. ರಾಯರು ಮೆಲ್ಲಗೆ ಮುದ್ರೆಯ ವಿಷಯ ಬಿಡಿಸಿ ಹೇಳುವುದೂ, ನಮ್ಮವರು "ಅಯ್ಯೋ... ಅಯ್ಯೋ..." ಎನ್ನುವುದೂ ಕೇಳಿಸಿತು. 

"ಹಾಗಾದ್ರೆ ನಿಮ್ಮ ತೋಳು?" ಎಂದರು ನಮ್ಮವರು. ಅಷ್ಟೆಲ್ಲ ಆದಮೇಲೂ ಅದನ್ನು ಬಿಡಲು ಅವರಿಂದ ಆಗಲಿಲ್ಲ.

"ತೋಳಿಗೇನಾಗಿದೆ? ಒರಳುಕಲ್ಲು. ಸುಮಿತ್ರಾಗೆ ಸೊಂಟ ಹಿಡ್ಕೊಂಡಾಗಿಂದ ದೋಸೆ ಹಿಟ್ಟು ನಾನೇ ರುಬ್ಬೋದು. ನಲ್ಲಿ ನೀರು ಹಿಡಿಯೋದೂ ನಾನೇ. ಬೆಳಗಿನ ಜಾವ ನಿಮ್ಮನೇಲಿ ದೀಪ ಉರೀತಿರತ್ತಲ್ಲ, ದೇವಕಮ್ಮನವರ ಬಕೆಟ್ ಸದ್ದು ಕೇಳ್ತಿದ್ದ ಹಾಗೆ ನಾನೂ ಏಳ್ತೀನಿ. ಅದೇ ನನಗೆ ಅಲಾರಂ."

ನಮ್ಮವರು ಕೈ ತೊಳೆಯಲು ಎದ್ದರೆಂದು ಕಾಣುತ್ತದೆ. ರಾಯರು ತಮ್ಮಷ್ಟಕ್ಕೇ ಸಣ್ಣಗೆ ನಕ್ಕರು. ಆಗಿನಿಂದ ತಡೆದಿಟ್ಟ ನಗು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ನಾನು ಎರಡು ಕೈಯಲ್ಲೂ ನೀರಿನ ಬಕೆಟ್ಟು ಹಿಡಿದು ನಿಂತಿದ್ದೆ. ಸೆರಗು ಸಿಕ್ಕಿಸಿ, ರವಿಕೆಯ ತೋಳು ಮೇಲೆ ಸರಿಸಿಕೊಂಡಿದ್ದೆ. ನಮ್ಮವರು ನನ್ನ ತೋಳನ್ನು ನೋಡಿದರು. ನಾನು ಸೆರಗು ಎಳೆದುಕೊಳ್ಳಲು ಹೋದೆ, ಕೈ ಬಿಡುವಿರಲಿಲ್ಲ.

"ನನಗೊಂದು ಸಂಕಟ ಕಣೇ" ಎಂದರು ತಗ್ಗಿದ ದನಿಯಲ್ಲಿ. "ಒಳ್ಳೇತನದಲ್ಲೂ ಆ ರಾಯರೇ ಗೆದ್ದುಬಿಟ್ಟರು."

ಬಕೆಟ್ಟುಗಳನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. ಹೊರಗೆ ಹೋಗಿ ಒಂದು ಪತ್ತಲ್ ತಂದು ನನ್ನ ಕೈಗಿತ್ತರು. ಕೋಸಂಬರಿ, ಪಲ್ಯ, ಅನ್ನ, ಅದರ ನಡುವೆ ಗುಳಿ ಮಾಡಿ ಹುಳಿ. ಮೂಲೆಯಲ್ಲಿ ಒಂದು ದೊನ್ನೆ, ಅದರ ತುಂಬ ಪಾಯಸ. ಬಕೆಟ್ಟು ಯಾವಾಗಲೋ ಖಾಲಿಯಾಗಿತ್ತು; ಇದು ಎತ್ತಿಟ್ಟದ್ದು.

ನಾನು ಅವರ ಮುಖ ನೋಡಿದೆ. ಅವರು ಬಾಗಿಲ ಕಡೆಯೊಮ್ಮೆ ನೋಡಿ, ತಮ್ಮ ಸೊಂಟದ ಶಲ್ಯವನ್ನು ಬಿಚ್ಚಿ, ದೊನ್ನೆ ಹೊರಗಿನವರಿಗೆ ಕಾಣದಂತೆ ಮರೆಮಾಡಿ ನಿಂತರು.